ನಾನು ಕಲಿಯದೆ ಬಂದ ಭಾಷೆ

ಪರದೇಶದಲ್ಲಿದ್ದು ಬಂದವನಿಗೆ ನಮ್ಮ ಹುಮನಾಬಾದದಲ್ಲಿ ಎರಡು ಪ್ರಶ್ನೆಗಳು ತಪ್ಪುವುದಿಲ್ಲ. ಮೊದಲನೆಯದು, "ಅಲ್ಲಿ ಏನ್ ಉಣ್ತಿದ್ರಿ?" ಎರಡನೆಯದು, "ಅಲ್ಲಿ ಮಾತು ಯಾವುದ್ರಿ? ಅಲ್ಲಿದ್ದಾಗ ಕಲ್ತ್ರೇನ್ರಿ?" ಮೊದಲನೆಯ ಪ್ರಶ್ನೆಗೆ ನಾನು ಅರ್ಧ ಗಂಟೆ ಉತ್ತರ ಹೇಳುತ್ತೇನೆ. ಎರಡನೆಯದು ಬಂದ ಕೂಡಲೇ ನನಗೆ ಎಲ್ಲಿಲ್ಲದ ಕೆಮ್ಮು ಬರುತ್ತದೆ, ಇಲ್ಲವೆ ಚಹಾ ಯಾಕೆ ಇನ್ನೂ ಬರಲಿಲ್ಲ ಎಂದು ಒಳಗೆ ಹೋಗಿ ನೋಡಬೇಕಾಗುತ್ತದೆ. ನಿಮ್ಮ ಮುಂದೆ ಮುಚ್ಚುಮರೆ ಯಾಕೆ? ನಾಲ್ಕು ವರ್ಷ ನಾನು ಇಥಿಯೋಪಿಯದಲ್ಲಿ ಗಣಿತದ ಮಾಸ್ತರನಾಗಿದ್ದೆ. ಅಲ್ಲಿನ ದನ ಕುರಿಗಳಿಗೂ ತಿಳಿಯುತ್ತಿದ್ದ ಆ ಭಾಷೆ ನನ್ನ ಕಿವಿಯ ಹೊಸ್ತಿಲು ದಾಟಿ ಒಳಗೆ ಬರಲೇ ಇಲ್ಲ. ಬಂದದ್ದು ನನ್ನ ಹೆಂಡತಿ ನೀಲಮ್ಮನಿಗೆ. ಅವಳು ಮುಡಬಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಓದು ನಿಲ್ಲಿಸಿದವಳು. ನಾನು ಬಿ.ಎಸ್ಸಿ., ಬಿ.ಎಡ್.

ಇದು ಹೀಗೇಕಾಯಿತು ಎಂದು ಹೇಳಬೇಕಾದರೆ ನನ್ನ ಹಳೆಯ ಚಟವೊಂದನ್ನು ಒಪ್ಪಿಕೊಳ್ಳಬೇಕು. ನಾನು ಹುಟ್ಟಿದ್ದು ಬಸವಕಲ್ಯಾಣದಲ್ಲಿ, ಅದಕ್ಕೆ ಬರೀ ಕಲ್ಯಾಣಿ ಎನ್ನುತ್ತಿದ್ದ ನಿಜಾಮರ ಕಾಲದಲ್ಲಿ. ಮಗ್ಗಿ ಕಲಿತದ್ದು ಉರ್ದುವಿನಲ್ಲಿ, ಭೂಮಿ ಗುಂಡಗಿದೆ ಎಂದು ಮೊದಲು ತಿಳಿದದ್ದೂ ಉರ್ದುವಿನಲ್ಲಿ. ಆಮೇಲೆ ರಾಜ್ಯ ಒಂದಾಯಿತು, ಶಾಲೆಗಳು ಕನ್ನಡವಾದವು, ನಾನೂ ಕನ್ನಡದಲ್ಲಿ ಕಲಿಸುವ ಮಾಸ್ತರರ ಸಾಲಿನಲ್ಲಿ ಬಂದು ನಿಂತೆ. ತಡವಾಗಿ ಬಂದವರಿಗೆ ಶ್ರದ್ಧೆ ಹೆಚ್ಚು. ಮದುವೆಯಾದ ಹೊಸದರಲ್ಲಿ ನೀಲಮ್ಮನ ಬಾಯಿಂದ ಒಂದು ಉರ್ದು ಶಬ್ದ ಬಿದ್ದರೂ ನಾನು ಹೆಕ್ಕಿ ಹೊರಗೆ ಎಸೆಯುತ್ತಿದ್ದೆ. "ದಫ್ತರ ಅನ್ನಬೇಡ, ಪುಸ್ತಕದ ಚೀಲ ಅನ್ನು. ಕಲಮ ಅಲ್ಲ, ಲೇಖನಿ." ಒಮ್ಮೆ ಖಿಸಾ ಎಂದದ್ದಕ್ಕೆ, ಜೇಬು ಎನ್ನಬೇಕೆಂದು ತಿದ್ದಿದೆ. ಮೈಸೂರು ಕಡೆಯಿಂದ ಬಂದಿದ್ದ ಇನ್ಸ್‌ಪೆಕ್ಟರರು ಜೇಬು ಎನ್ನುತ್ತಿದ್ದರು. ಅವರ ಬಾಯಲ್ಲಿ ಬಂದದ್ದೆಲ್ಲ ಶುದ್ಧ ಎಂದು ನನ್ನ ನಂಬಿಕೆ. ಜೇಬೂ ಉರ್ದುವಿನದೇ ಎಂಬುದು, ಉರ್ದುವಿನಲ್ಲಿ ಓದಿದ ನನಗೇ, ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ನೀಲಮ್ಮ ಪಾಪ, ಕೆಲವು ದಿನ ಮಾತು ಹುಡುಕಿ ಹುಡುಕಿ ಆಡಿದಳು. ಆಮೇಲೆ ನನ್ನೆದುರು ಮಾತಾಡುವುದನ್ನೇ ಕಡಿಮೆ ಮಾಡಿದಳು. ನಾನು ಅದನ್ನು ಭಾಷಾಶುದ್ಧಿ ಎಂದುಕೊಂಡೆ.

ಇಥಿಯೋಪಿಯಕ್ಕೆ ಮಾಸ್ತರರು ಬೇಕೆಂಬ ಜಾಹೀರಾತು ಪತ್ರಿಕೆಯಲ್ಲಿ ಬಂದಾಗ ನಾನು ಅರ್ಜಿ ಹಾಕಿದ್ದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹಾಕಿದರೆಂದು. ಮುಂಬಯಿಯ ಸಂದರ್ಶನದಲ್ಲಿ ಆರಿಸಿಬಂದವನು ನಾನೊಬ್ಬನೇ. ಹುಮನಾಬಾದದಲ್ಲಿ ಆ ದೇಶವನ್ನು ಕಂಡವರು ಯಾರೂ ಇರಲಿಲ್ಲ, ಆದ್ದರಿಂದ ಸಲಹೆ ಕೊಡುವವರಿಗೆ ಬರವಿರಲಿಲ್ಲ. ನಮ್ಮ ದರ್ಜಿ ಮಹಬೂಬ ಸಾಬರು ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ನಕ್ಕರು. "ಆಫ್ರಿಕಾ ಅಂದ್ರ ಬೆಂಕಿ ಅದರೀ ಮಾಸ್ತರ್ ಸಾಬ್! ಉಲನ್ ಹೊಲಿಸಿ ಮೈ ಸುಟ್ಕೋತೀರೇನ್? ಮಲ್ಮಲ್ ತಗೊಳ್ರಿ, ಮಲ್ಮಲ್." ತೆಳ್ಳನೆಯ ಆರು ಅಂಗಿ ಹೊಲಿಸಿಕೊಂಡೆ. ಬಸವಕಲ್ಯಾಣದಿಂದ ಅವ್ವ ಒಂದು ಬೀಸಣಿಗೆ ಕಳಿಸಿದಳು. ನಮಗೆ ಕೊಟ್ಟ ಊರು ರಾಜಧಾನಿಯಿಂದ ಬಸ್ಸಿನಲ್ಲಿ ಇಡೀ ಹಗಲಿನ ದಾರಿ, ಬೆಟ್ಟದ ನೆತ್ತಿಯ ಮೇಲೆ. ಇಳಿದಾಗ ಆಲಿಕಲ್ಲು ಬೀಳುತ್ತಿತ್ತು. ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಅದರಲ್ಲಿ ಗಂಟಲಿನಿಂದ ಸಿಡಿಯುವ ಒಂದು ಅಕ್ಷರವಿದೆ, ಅದು ಕೊನೆಯವರೆಗೂ ನನ್ನ ಗಂಟಲಿನಿಂದ ಸಿಡಿಯಲಿಲ್ಲ. ಮೊದಲ ತಿಂಗಳು ನಾನು ಆರು ಮಲ್ಮಲ್ ಅಂಗಿಗಳನ್ನೂ ಒಂದರ ಮೇಲೊಂದು ತೊಟ್ಟುಕೊಂಡು ಪಾಠ ಮಾಡಿದೆ.

ಮೊದಲ ದಿನವೇ ಮಾನ ಹೋಯಿತು. ಶಾಲೆಯ ಕಾವಲುಗಾರ ಹಿಂದಿನ ಸಂಜೆ ಮನೆಗೆ ಬಂದು ತನಗೆ ಬರುವ ನಾಲ್ಕು ಇಂಗ್ಲಿಷ್ ಶಬ್ದಗಳಲ್ಲಿ, "ಟುಮಾರೋ, ಸ್ಕೂಲ್, ಟೂ ಒಕ್ಲಾಕ್" ಎಂದು ಹೇಳಿಹೋಗಿದ್ದ. ನಾನು ಊಟ ಮಾಡಿ, ಟೈ ಕಟ್ಟಿಕೊಂಡು, ಮಧ್ಯಾಹ್ನ ಎರಡಕ್ಕೆ ಐದು ನಿಮಿಷ ಇರುವಾಗಲೇ ಹೋಗಿ ನಿಂತೆ. ಹೆಡ್‌ಮಾಸ್ತರರು ಬೆಳಗಿನಿಂದ ನನಗಾಗಿ ಕಾದಿದ್ದರಂತೆ. ಅಲ್ಲಿ ಹಗಲಿನ ಲೆಕ್ಕ ಸೂರ್ಯ ಹುಟ್ಟಿದ ಮೇಲೆ ಶುರುವಾಗುತ್ತದೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು. ಮನೆಗೆ ಬಂದು ಈ ವಿಚಿತ್ರವನ್ನು ನೀಲಮ್ಮನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತ ತಲೆ ಎತ್ತದೆಯೇ, "ಅದು ಬರೋಬ್ಬರಿನೇ ಅದಲ್ರಿ. ಹೊತ್ತು ಹುಟ್ಟಿದ ಮ್ಯಾಲೆ ಎಣಿಸ್ಬೇಕು. ನಡುರಾತ್ರ್ಯಾಗ ದಿನ ಹುಟ್ಟತದ ಅಂದ್ರ ಯಾರು ನಂಬ್ತಾರ?" ಅಂದಳು. ಆ ವಾರದಲ್ಲಿ ಅವಳು ಆಡಿದ ಅತಿ ದೊಡ್ಡ ಮಾತು ಅದೇ.

ಯಾಕೆಂದರೆ ನೀಲಮ್ಮ ಅಲ್ಲಿ ಒಗ್ಗಿರಲಿಲ್ಲ. ನಮಗೆ ಬಾಡಿಗೆಗೆ ಅರ್ಧ ಮನೆ ಕೊಟ್ಟಿದ್ದವರು ಅಲ್ಮಾಜ್ ಎಂಬ ವಿಧವೆ. ನಲವತ್ತು ದಾಟಿದವರು, ಎತ್ತರದ ಹೆಂಗಸು, ಮೈತುಂಬ ಬಿಳಿಯ ಹೊದಿಕೆ. ಅವರಿಗೂ ನಮಗೂ ನಡುವೆ ಒಂದೇ ಗೋಡೆ. ಗೋಡೆಯಾಚೆ ಅವರು ಯಾರೊಡನೆಯೋ ಮಾತಾಡುವುದು, ನಗುವುದು, ಬೀಜ ಹುರಿದು ಕಾಫಿ ಕುಟ್ಟುವುದು ಎಲ್ಲ ಕೇಳುತ್ತಿತ್ತು. ಗೋಡೆಯ ಈಚೆ ನೀಲಮ್ಮ ಒಲೆಯ ಮುಂದೆ ಸುಮ್ಮನೆ ಕುಳಿತಿರುತ್ತಿದ್ದಳು. ನಾನು ಶಾಲೆಯಿಂದ ಬಂದಾಗ ಅವಳ ಕಣ್ಣು ಕೆಂಪಗಿರುತ್ತಿತ್ತು. ಕೇಳಿದರೆ, ಹೊಗೆ ಎನ್ನುತ್ತಿದ್ದಳು. ಒಲೆ ಆರಿರುತ್ತಿತ್ತು. ನನಗೆ ಗಣಿತದಲ್ಲಿ ಬಿಟ್ಟು ಬೇರೆಡೆ ಸಮಸ್ಯೆ ಬಿಡಿಸಿ ರೂಢಿಯಿಲ್ಲ. ಮೂರು ತಿಂಗಳು ನೋಡೋಣ, ಆಗದಿದ್ದರೆ ನಿನ್ನನ್ನು ಊರಿಗೆ ಕಳಿಸುತ್ತೇನೆ ಎಂದುಬಿಟ್ಟೆ. ಅವಳ ಅಣ್ಣನಿಗೆ, ಅಗತ್ಯ ಬಿದ್ದರೆ ಮುಂಬಯಿಗೆ ಬಂದು ಕರೆದುಕೊಂಡು ಹೋಗಬೇಕೆಂದು ಪತ್ರವನ್ನೂ ಬರೆದೆ. ಅವಳು ಬೇಡವೆನ್ನಲಿಲ್ಲ. ಅದರಿಂದ ನನಗೆ ಇನ್ನೂ ಹೆಚ್ಚು ನೋವಾಯಿತು.

ಒಂದು ಗುರುವಾರ ಶಾಲೆ ಬಿಟ್ಟ ಮೇಲೆ ಅವಳನ್ನು ಸಂತೆಗೆ ಕರೆದುಕೊಂಡು ಹೋದೆ. ಹೋಗುವಾಗ ದಾರಿಯುದ್ದಕ್ಕೂ ಆಫ್ರಿಕದ ಬೆಳೆಗಳ ಬಗ್ಗೆ ಪುಸ್ತಕದಲ್ಲಿ ಓದಿದ್ದನ್ನು ಹೇಳುತ್ತಿದ್ದೆ. ಹಿಂತಿರುಗಿ ನೋಡಿದರೆ ನೀಲಮ್ಮ ಇಲ್ಲ. ಹಿಂದೆ ಒಂದು ಗೋಣಿಚೀಲದ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, ಕಾಳನ್ನು ಮುಷ್ಟಿಯಲ್ಲಿ ಎತ್ತಿ ಮೂಸುತ್ತಿದ್ದಾಳೆ. "ಜ್ವಾಳ ಅಲ್ರಿ ಇದು?" ಅಂದಳು. "ಇದು ಆಫ್ರಿಕಾ, ಇಲ್ಲಿ ಜೋಳ ಎಲ್ಲಿಂದ ಬರಬೇಕು" ಎಂದೆ. ಅವಳು ಒಂದು ಕಾಳನ್ನು ಹಲ್ಲಲ್ಲಿ ಕಡಿದು, "ನಿಮ್ಮ ಪುಸ್ತಕಕ್ಕ ಗೊತ್ತಿಲ್ಲಂದ್ರ ಜ್ವಾಳ ಏನ್ ಮಾಡ್ಬೇಕ್ರಿ?" ಅಂದಳು. ಜೋಳವೇ. ನಮ್ಮ ಹೊಲದ ಜೋಳಕ್ಕಿಂತ ತುಸು ಕೆಂಪು, ಅಷ್ಟೆ. ಆ ಸಂಜೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಎದ್ದಿತು. ಗೋಡೆಯಾಚೆಯ ಮಾತು ಒಮ್ಮೆಲೇ ನಿಂತಿತು, ಯಾರೋ ಕಿವಿಗೊಟ್ಟ ಹಾಗೆ. ನೀಲಮ್ಮ ಎರಡು ಬಿಸಿ ರೊಟ್ಟಿ, ಮೇಲೆ ಕಡಲೆ ಹಿಟ್ಟಿನ ಝುಣಕ ಇಟ್ಟುಕೊಂಡು, ಸೆರಗು ಸರಿಮಾಡಿಕೊಂಡು, ಮೊದಲ ಸಲ ತಾನೇ ಆ ಮನೆಗೆ ಹೋದಳು.

ಐದೇ ನಿಮಿಷದಲ್ಲಿ ತಿರುಗಿ ಬಂದವಳು ನೆಲದ ಮೇಲೆ ಕುಸಿದು ಅಳತೊಡಗಿದಳು. "ತಾಟು ಕೈಯಾಗ ಕೊಟ್ಟೆ. ಉಣ್ರಿ ಅಂತ ಕೈ ಮಾಡಿ ತೋರಿಸ್ದೆ. ಅಕಿ ರೊಟ್ಟಿ ನೋಡಿದಳು, ನನ್ನ ಮಾರಿ ನೋಡಿದಳು, ಇಶ್ಶಿ ಅಂದಳ್ರಿ! ಒಂದಲ್ಲ, ಎರಡು ಸಲ ಅಂದಳು. ಇಶ್ಶಿ, ಇಶ್ಶಿ ಅಂತ. ಇನ್ನ ನಾ ಇಲ್ಲಿ ಇರಂಗಿಲ್ಲ. ನಾಳೆನೇ ಟಿಕೀಟು ತಗಸ್ರಿ."

ಆ ಶಬ್ದ ನನಗೆ ಹೊಸದಾಗಿರಲಿಲ್ಲ. ಶಾಲೆಯಲ್ಲಿ ದಿನವೂ ಕೇಳುತ್ತಿದ್ದೆ. ಪುಸ್ತಕ ತೆಗೆಯಿರಿ ಎಂದರೆ ಇಡೀ ತರಗತಿ ಇಶ್ಶಿ ಎನ್ನುತ್ತಿತ್ತು. ಬೀಜಗಣಿತ ಮಾಡೋಣ ಎಂದರೂ ಇಶ್ಶಿ. ಬೀಜಗಣಿತಕ್ಕೆ ಹುಮನಾಬಾದದ ಮಕ್ಕಳೂ ಮನಸ್ಸಿನಲ್ಲಿ ಅದನ್ನೇ ಅನ್ನುತ್ತಿದ್ದಿರಬೇಕು, ಆದರೆ ಬಾಯಿಬಿಟ್ಟು ಅಂದವರಿಲ್ಲ. ಕಾವಲುಗಾರನಿಗೆ ನೀರು ತಾ ಎಂದರೆ ಅವನೂ ಇಶ್ಶಿ ಎಂದೇ ಹೋಗುತ್ತಿದ್ದ. ಆರು ಅಂಗಿ ತೊಟ್ಟ ನನ್ನ ವೇಷಕ್ಕೋ, ನನ್ನ ಇಂಗ್ಲಿಷಿಗೋ, ಈ ಊರಿಗೆ ಊರೇ ಹೇಸಿಕೊಂಡಿದೆ ಎಂದು ನಾನು ನಂಬಿಬಿಟ್ಟಿದ್ದೆ. ಗಂಡಸಾದ ಮೇಲೆ ಇದನ್ನೆಲ್ಲ ಹೆಂಡತಿಯ ಮುಂದೆ ಹೇಳಿಕೊಳ್ಳುವುದುಂಟೇ? ಮನೆಗೆ ಬಂದು, ಶಾಲೆ ಬಹಳ ಚೆನ್ನಾಗಿ ನಡೆಯುತ್ತಿದೆ ಎಂದೇ ಹೇಳುತ್ತಿದ್ದೆ. ಆವತ್ತು ಅವಳ ಪಕ್ಕ ನೆಲದ ಮೇಲೆ ಕುಳಿತೆ. ಶುದ್ಧ ಕನ್ನಡ ಎಲ್ಲಿ ಹೋಯಿತೋ. "ನನಗೂ ಅಂತಾರ ನೀಲಾ," ಅಂದೆ. "ದಿನಾ ಅಂತಾರ. ನಾ ನಿನಗ ಹೇಳಿದ್ದಿಲ್ಲ."

ನೀಲಮ್ಮನ ಅಳು ಅಲ್ಲಿಗೇ ನಿಂತಿತು. ಮೂಗು ಒರೆಸಿಕೊಂಡು ನನ್ನನ್ನೇ ದಿಟ್ಟಿಸಿದಳು. "ನಿಮಗ ಅಂತಾರ? ಹುಮನಾಬಾದ ಹೈಸ್ಕೂಲಿನ ಗಣಿತದ ಮಾಸ್ತರಗ?" ತನ್ನ ರೊಟ್ಟಿಗೆ ಆದ ಅವಮಾನವನ್ನು ಅಳುತ್ತ ಸಹಿಸುತ್ತಿದ್ದವಳು ನನ್ನ ಅವಮಾನಕ್ಕೆ ಎದ್ದು ನಿಂತಳು. ಮರುದಿನ ಬೆಳಕು ಹರಿದ ಕೂಡಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಲ್ಮಾಜ್ ಮನೆಯ ಬಾಗಿಲು ಬಡಿದಳು. ಸಂಧಾನಕ್ಕೆಂದು ನಾನೂ ಹಿಂದೆ ಹೋದೆ. ಅಂಗಳದ ಅಂಚಿನಲ್ಲಿ, ಓಡಲು ಅನುಕೂಲವಾದ ಜಾಗದಲ್ಲಿ ನಿಂತೆ. ಬಾಗಿಲು ತೆರೆದ ಅಲ್ಮಾಜರ ಎದುರು ನೀಲಮ್ಮ ಅಚ್ಚ ಮುಡಬಿಯ ಕನ್ನಡದಲ್ಲಿ ಶುರುಮಾಡಿದಳು. "ಯಾಕವ್ವ, ಉಣ್ಣೋ ಅನ್ನಕ್ಕ ಇಶ್ಶಿ ಅಂತೀ? ನಮ್ಮ ಮನೆಯವರು ನಿಮ್ಮ ಮಕ್ಕಳಿಗೆ ವಿದ್ಯಾ ಹೇಳಾಕತ್ತಾರ. ಅವರಿಗೂ ಇಶ್ಶಿ ಅಂತೀರಲ್ಲ, ಮನುಷ್ಯಾರೇನು ನೀವು?" ಅಲ್ಮಾಜ್ ಪ್ರತಿ ವಾಕ್ಯಕ್ಕೂ ಮೆಲ್ಲಗೆ ತಲೆದೂಗುತ್ತ, "ಇಶ್ಶಿ... ಇಶ್ಶಿ..." ಎನ್ನುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಇಬ್ಬರೂ ಬಾಗಿಲಲ್ಲಿರಲಿಲ್ಲ. ಅಲ್ಮಾಜ್ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿದ್ದರು. ಶಾಲೆಗೆ ಹೊತ್ತಾಗಿತ್ತು, ನಾನು ಹೊರಟುಹೋದೆ. ಆ ದಿನ ಮಕ್ಕಳಿಗೆ ಏನು ಕಲಿಸಿದೆನೋ ನನಗೆ ಈಗಲೂ ಗೊತ್ತಿಲ್ಲ.

ಮಧ್ಯಾಹ್ನ ಬಂದಾಗ ನೀಲಮ್ಮ ಹೊಸ್ತಿಲಲ್ಲೇ ಕಾದಿದ್ದಳು. ತುಟಿಯ ಮೇಲೆ ಕೆಂಪು ಖಾರದ ಗುರುತು. "ರೀ, ಅದು ಬೈಗುಳ ಅಲ್ರಿ! ಹೂಂ ಅಂದಂಗ ಅದ. ಆಗಲಿ, ಛಲೋ ಆತು, ಅಂದಂಗ." ನಡೆದದ್ದು ಇಷ್ಟು. ಅಲ್ಮಾಜ್ ಅವಳನ್ನು ಮಣೆಯ ಮೇಲೆ ಕೂರಿಸಿ, ಹಿಂದಿನ ದಿನದ ತಾಟನ್ನು ತೊಳೆದು ತಮ್ಮ ಅಡುಗೆ ಬಡಿಸಿದ್ದರು. ಇವಳು ನೀರೆಂದು ಕೈಮಾಡಿದ್ದಕ್ಕೆ ಇಶ್ಶಿ ಎಂದು ನಗುತ್ತ ನೀರು ತಂದಿಟ್ಟರು, ಅಲ್ಲಿಗೆ ಆ ಶಬ್ದದ ಅರ್ಥ ಇವಳಿಗೆ ಹೊಳೆಯಿತು. ಮಾಂಸವಿದ್ದೀತೆಂದು ನೀಲಮ್ಮ ಕೈಹಿಂದೆಗೆದಾಗ, ಇವಳ ಕೊರಳಿನ ಲಿಂಗದ ದಾರವನ್ನು ಬೆರಳಿನಿಂದ ತೋರಿಸಿ, ತಮ್ಮ ಕೊರಳಲ್ಲಿದ್ದ ಶಿಲುಬೆಯ ಕಪ್ಪು ದಾರವನ್ನು ಎಳೆದು ತೋರಿಸಿದರಂತೆ. ಆವತ್ತು ಅವರಿಗೂ ವ್ರತದ ದಿನವಂತೆ, ಮಾಂಸ ಮುಟ್ಟುವಂತಿಲ್ಲವಂತೆ. ಡಬ್ಬಿ ತೆರೆದು ಹಿಟ್ಟನ್ನೂ ಇವಳ ಮೂಗಿಗೆ ಹಿಡಿದರಂತೆ. "ಕಡ್ಲಿ ಹಿಟ್ಟು, ಖಾರ, ಬಳ್ಳೊಳ್ಳಿ. ನಮ್ಮ ಝುಣಕನೇ ಅದರೀ, ತುಸು ತೆಳ್ಳಗ. ಆಮ್ಯಾಲೆ ತುತ್ತು ಮಾಡಿ ತನ್ನ ಕೈಲೆ ನನ್ನ ಬಾಯಾಗ ಇಟ್ಟಳು." ಅಷ್ಟು ಹೇಳಿ ನೀಲಮ್ಮ ತುಟಿಯ ಖಾರವನ್ನು ಸೆರಗಿನಿಂದ ಒರೆಸಿಕೊಂಡಳು. "ನಮ್ಮವ್ವ ಸತ್ತ ಮ್ಯಾಲೆ ಯಾರೂ ಹಂಗ ಇಟ್ಟಿದ್ದಿಲ್ಲ" ಅಂದಳು. ನಾನು ಅವಳ ಅಣ್ಣನಿಗೆ ಇನ್ನೊಂದು ಪತ್ರ ಬರೆದು, ಮುಂಬಯಿಗೆ ಬರುವ ಕಾರಣವಿಲ್ಲ ಎಂದು ತಿಳಿಸಿದೆ.

ಅಲ್ಲಿಂದ ಗೋಡೆಯಾಚೆಯ ನಗುವಿನಲ್ಲಿ ನೀಲಮ್ಮನ ನಗುವೂ ಸೇರಿಕೊಂಡಿತು. ದಿನಕ್ಕೆ ಮೂರು ಸುತ್ತು ಕಾಫಿ, ಸುತ್ತಿಗೆ ಹತ್ತು ಹೊಸ ಶಬ್ದ. ಸಂಜೆ ನನಗೆ ಒಪ್ಪಿಸುತ್ತಿದ್ದಳು. "ವಹಿಗೆ ದೆಬ್ತೆರ್ ಅಂತಾರ್ರಿ, ನಮ್ಮ ದಫ್ತರ ಇದ್ದಂಗ. ಖಿಸಾಕ್ಕ ಕಿಸ್. ಸಾಬಣಕ್ಕ ಸಾಮುನ. ಶಾಯಿಗೆ ಕೆಲೆಮ್, ನಮ್ಮ ಕಲಮ ಇದ್ದಂಗ." ಕಣ್ಣಂಚಿನಲ್ಲಿ ನನ್ನನ್ನು ನೋಡಿ, "ನೀವು ಕಲಿಸಿದ ಶುದ್ಧ ಮಾತು ಒಂದೂ ಇಲ್ಲಿ ನಡ್ಯಂಗಿಲ್ಲ ನೋಡ್ರಿ" ಅಂದಳು. ನಾನು ಗುಡಿಸಿ ಹೊರಗೆ ಹಾಕಿದ್ದ ಶಬ್ದಗಳೆಲ್ಲ ಸಮುದ್ರ ದಾಟಿ, ನಮಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತು ಅವಳನ್ನು ಬರಮಾಡಿಕೊಂಡಿದ್ದವು. ನನಗೆ ಮಾತ್ರ ಅವುಗಳ ಮುಖ ನೋಡಲು ನಾಚಿಕೆ. ಶಾಲೆಯಲ್ಲಿ ಇಂಗ್ಲಿಷಿನಿಂದ ಕೆಲಸ ಸಾಗುತ್ತಿತ್ತು, ಮನೆಯಲ್ಲಿ ನೀಲಮ್ಮನಿಂದ. ಸಂತೆಯಲ್ಲಿ ಅವಳು ಮುಂದೆ ಚೌಕಾಶಿ ಮಾಡುತ್ತ ಹೋದರೆ ನಾನು ಹಿಂದೆ ಚೀಲ ಹಿಡಿದು ಹೋಗುತ್ತಿದ್ದೆ. ಜನ ನನ್ನನ್ನು ತೋರಿಸಿ, "ಯೆ ನೀಲಾ ಬಾಲ್" ಎನ್ನುತ್ತಿದ್ದರು. ನೀಲಮ್ಮನ ಬಾಲ ಎಂದು ಅವರಿಗೂ ಕನ್ನಡದಲ್ಲಿ ಹೇಗೆ ಗೊತ್ತಾಯಿತೆಂದು ನಾನು ಮುಖ ಸಣ್ಣದು ಮಾಡಿಕೊಂಡಾಗ, ಬಾಲ್ ಅಂದರೆ ಗಂಡ ಎಂದು ಅವಳೇ ಬಿಡಿಸಿ ಹೇಳಿದಳು. ಯೋಚಿಸಿ ನೋಡಿದರೆ ಎರಡೂ ಅರ್ಥಗಳು ನನಗೆ ಒಪ್ಪುತ್ತಿದ್ದವು.

ಮೊದಲ ವರ್ಷ ಮುಗಿಯುವ ಹೊತ್ತಿಗೆ ನಮಗೆ ಮಗಳು ಹುಟ್ಟಿದಳು. ಹೆರಿಗೆಗೆ ತವರಿಲ್ಲ, ಅತ್ತೆಯಿಲ್ಲ. ಇದ್ದದ್ದು ಅಲ್ಮಾಜ್, ಊರಿನ ದವಾಖಾನೆಯಿಂದ ಬಂದ ನರ್ಸು, ಮತ್ತು ಅಂಗಳದಲ್ಲಿ ಬಿ.ಎಸ್ಸಿ., ಬಿ.ಎಡ್. ಬೆಳಿಗ್ಗೆ ಶುರುವಾದ ನೋವು ಮಧ್ಯಾಹ್ನ ದಾಟಿದರೂ ಮುಗಿಯಲಿಲ್ಲ. ನೀಲಮ್ಮನ ಕೂಗು ಒಮ್ಮೆ ಕೇಳಿದರೆ ಭಯ, ಕೇಳದಿದ್ದರೆ ಇನ್ನೂ ಭಯ. ಒಮ್ಮೆ ಅಲ್ಮಾಜ್ ಬಾಗಿಲಿಗೆ ಬಂದು, ಬೆವರಿಳಿಯುವ ಮುಖದಿಂದ, "ವುಹಾ! ವುಹಾ!" ಎಂದರು. ಪಾಪ, ದಣಿದು ಉಸಿರು ಬಿಡುತ್ತಿದ್ದಾರೆ ಎಂದುಕೊಂಡು ನಾನು ಕನಿಕರದಿಂದ ತಲೆಯಾಡಿಸಿದೆ. ಅವರು ಕೈಯೆತ್ತಿ ಇನ್ನೂ ಜೋರಾಗಿ, "ವುಹಾ!" ಎಂದರು. ನಾನು ಒಂದು ಕುರ್ಚಿ ತಂದು ಅವರ ಮುಂದಿಟ್ಟು, ಕುಳಿತುಕೊಳ್ಳಿರೆಂದು ಕೈ ತೋರಿಸಿದೆ. ಆಗ ಒಳಗಿನಿಂದ, ಎರಡು ನೋವಿನ ನಡುವೆ ಸಿಕ್ಕ ಬಿಡುವಿನಲ್ಲಿ, ನೀಲಮ್ಮನ ದನಿ ಬಂತು. "ನೀರ್ರೀ! ನೀರು ಕೇಳಾಕತ್ತಾಳ! ಕುರ್ಚಿ ಒಯ್ದು ಒಲ್ಯಾಗ ಹಾಕ್ರಿ!" ಪ್ರಸವದ ನಡುವೆ ಗಂಡನಿಗೆ ದುಭಾಷಿಯಾದ ಹೆಂಗಸು ಲೋಕದಲ್ಲಿ ಇನ್ನೊಬ್ಬಳಿದ್ದಾಳೋ ಇಲ್ಲವೋ. ನಾನು ನೀರಿಗೆ ಓಡಿದೆ. ಕೊಡ ಹೊತ್ತು ತರುವಷ್ಟರಲ್ಲಿ ಒಳಗಿನಿಂದ ಅಲ್ಮಾಜ್ ನಾಲಗೆ ಕುಣಿಸಿ "ಇಲಿಲಿಲಿ" ಎಂದು ಹರ್ಷದ ಕೂಗು ಹಾಕಿದರು. ಅದರ ಅರ್ಥ ಮಾತ್ರ ಯಾರೂ ಹೇಳದೆ ನನಗೆ ತಿಳಿಯಿತು. ಕೊಡ ಇಳಿಸುವುದನ್ನು ಮರೆತು, ಹೊತ್ತುಕೊಂಡೇ ಅತ್ತುಬಿಟ್ಟೆ.

ಅವ್ವ ಬಸವಕಲ್ಯಾಣದಿಂದ ಬರೆದಂತೆ ಮಗುವಿಗೆ ಮಹಾದೇವಿ ಎಂದು ಹೆಸರಿಟ್ಟೆವು. ಅಲ್ಮಾಜ್ ಅಬೇಬಾ ಎಂದು ಕರೆದರು, ಹೂ ಎಂದರ್ಥ. ಬಾಣಂತಿಗೆ ಗಟ್ಟಿ ಮುದ್ದೆ ಮಾಡಿ, ನಡುವೆ ಕುಳಿ ತೋಡಿ ತುಪ್ಪ ಸುರಿದು ತಿನ್ನಿಸಿದವರು ಅವರೇ. ಮಗು ನಡೆಯಲು ಕಲಿತದ್ದು ಅವರ ಅಂಗಳದಲ್ಲಿ, ಮಾತು ಕಲಿತದ್ದು ಅವರ ಮಡಿಲಲ್ಲಿ. ಕರಾರು ಮುಗಿದು ನಾವು ಹೊರಟ ದಿನ, ಮೂರು ತಿಂಗಳಲ್ಲಿ ಓಡಿಹೋಗಬೇಕೆಂದಿದ್ದ ನೀಲಮ್ಮ ಬಸ್ಸು ಹತ್ತಲೊಲ್ಲಳು. ಇಬ್ಬರು ಹೆಂಗಸರೂ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು, ನನಗೆ ತಿಳಿಯದ ಮಾತಿನಲ್ಲಿ ಬಹಳ ಹೊತ್ತು ಅತ್ತರು. ಡ್ರೈವರನೂ ಹಾರ್ನ್ ಹಾಕಲಿಲ್ಲ.

ಹುಮನಾಬಾದಕ್ಕೆ ಬಂದ ಎರಡನೆಯ ವಾರ ನೀಲಮ್ಮ ಬೆಳಿಗ್ಗೆ ಅಣ್ಣನನ್ನು ನೋಡಲು ಮುಡಬಿಗೆ ಹೋದಳು, ಸಂಜೆಯ ಬಸ್ಸಿಗೆ ಬರುತ್ತೇನೆಂದು. ಮಗಳು ನನ್ನ ಜೊತೆ ಉಳಿದಳು. ಹೊತ್ತು ಏರಿದಂತೆ ಅವಳು ನನ್ನ ಧೋತರ ಹಿಡಿದು ಎಳೆಯತೊಡಗಿದಳು. "ಬೇತ್ ಇನ್ನಿಹಿದ್" ಎಂದಳು. ಬೆಲ್ಲ ಕೊಟ್ಟೆ, ಉಗುಳಿದಳು. ಬೆಕ್ಕು ತೋರಿಸಿದೆ, ತಲೆ ಅಲ್ಲಾಡಿಸಿದಳು. ಹೆಗಲ ಮೇಲೆ ಕೂರಿಸಿಕೊಂಡು ಬಜಾರದ ತುದಿಯವರೆಗೆ ಹೋಗಿಬಂದೆ. ಬರುವಾಗಲೂ ಅದೇ, "ಬೇತ್ ಇನ್ನಿಹಿದ್." ಕೊನೆಗೆ ಕೇಳಿ ಕೇಳಿ ಸೋತು, ಬಾಗಿಲ ಮೂಲೆಗೆ ಮುಖ ಮಾಡಿ ಕುಳಿತು ಸದ್ದಿಲ್ಲದೆ ಅತ್ತಳು. ಮೂರು ವರ್ಷದ ಮಗು ಸದ್ದಿಲ್ಲದೆ ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸಂಜೆ ನೀಲಮ್ಮ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ, ಏನದು ಎಂದು. ಅವಳು ಮಗಳನ್ನು ಎತ್ತಿಕೊಂಡು ಹೇಳಿದಳು. "ಮನಿಗೆ ಹೋಗೂಣು ಅನ್ನಾಕತ್ತಾಳ್ರಿ."

ಬೈತ್ ಎಂದರೆ ಮನೆ ಎಂಬುದನ್ನು ಉರ್ದು ಶಾಲೆಯಲ್ಲಿ ನನಗೆ ಬೆತ್ತ ಹಿಡಿದು ಕಲಿಸಿದ್ದರು. ಮಗಳ ಬೇತ್ ಅದರ ಪಕ್ಕದ ಮನೆಯದೇ. ಇಷ್ಟಾದರೂ ನನ್ನ ಕಿವಿ ಅದನ್ನು ಒಳಗೆ ಬಿಟ್ಟಿರಲಿಲ್ಲ. ನನಗೆ ಊರಿಗೆ ಮರಳಿದ ಸಂತೋಷ. ಅವಳು ಪಾಪ, ಪರದೇಶಕ್ಕೆ ಬಂದು ಇಳಿದಿದ್ದಳು. ಮಾತು ತಿಳಿಯದ ಊರಿನಲ್ಲಿ, ಮಾತು ತಿಳಿಯದ ಅಪ್ಪನ ಕೈಯಲ್ಲಿ.

ಮರುದಿನದಿಂದ ನಾನು ಒಂದು ವಹಿ ಹಿಡಿದು ಮಗಳ ಮುಂದೆ ವಿದ್ಯಾರ್ಥಿಯಾಗಿ ಕುಳಿತೆ. ಅವಳು ಕಲ್ಲು, ಕೋಳಿ, ಕಣ್ಣು ಎಂದು ಒಂದೊಂದನ್ನೇ ಮುಟ್ಟಿ ಹೆಸರು ಹೇಳುವಳು, ನಾನು ಬರೆದುಕೊಂಡು ಬಾಯಿಪಾಠ ಮಾಡುವೆ. ತಪ್ಪಿದರೆ ತಲೆಗೆ ಮೊಟಕುವಳು. ಶಾಲೆಯಿಂದ ಬಂದು ಅವಳ ಭಾಷೆಯಲ್ಲಿ ಎರಡು ಮಾತು ಆಡಿದರೆ ಅವಳ ಮುಖ ಅರಳುತ್ತಿತ್ತು. ಅದಕ್ಕಾಗಿ ನಾನು ಸಂಜೆಯನ್ನು ಕಾಯುತ್ತಿದ್ದೆ. ಬರಬರುತ್ತ ಅವಳು ಪಾಠ ಬಿಟ್ಟು ಓಣಿಯ ಮಕ್ಕಳ ಬೆನ್ನು ಹತ್ತಿದಳು, ನಾನು ನೀಲಮ್ಮನನ್ನು ಕೇಳಿ ಕೇಳಿ ಮುಂದಿನ ಪಾಠ ಕಲಿತೆ. ಹೀಗೆ ನಾಲ್ಕೈದು ತಿಂಗಳು ದುಡಿದು, ಕರ್ತೃ ಕರ್ಮ ಕ್ರಿಯಾಪದ ಎಲ್ಲ ಕೂಡಿಸಿ, ಒಂದು ದಿನ ಸಾಕಷ್ಟು ಉದ್ದದ ವಾಕ್ಯವೊಂದನ್ನು ಒಂದೂ ತಪ್ಪಿಲ್ಲದೆ ಅವಳಿಗೆ ಹೇಳಿದೆ. ನೀಲಮ್ಮ ಒಳಗಿನಿಂದ, "ಬರೋಬ್ಬರಿ ಅಂದ್ರಿ!" ಎಂದು ಮೆಚ್ಚಿದಳು. ಓಣಿಯ ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದ ಮಗಳು ಒಂಟಿಗಾಲಲ್ಲೇ ನಿಂತು ನನ್ನನ್ನು ನೋಡಿದಳು. "ಏನ್ ಅನ್ನಾಕತ್ತೀಯಪ್ಪಾ? ನನಗ ತಿಳಿವಲ್ದು," ಅಂದು, ಕುಪ್ಪಳಿಸಿ ಮುಂದಿನ ಮನೆಗೆ ಹಾರಿದಳು.

ಈಗ ಇಡೀ ಹುಮನಾಬಾದದಲ್ಲಿ ಆ ಭಾಷೆಯನ್ನು ವ್ಯಾಕರಣ ತಪ್ಪದೆ ಆಡಬಲ್ಲ ಗಂಡಸು ನಾನೊಬ್ಬನೇ. ಆಡಲು ಸಿಗುವವಳು ನೀಲಮ್ಮ ಒಬ್ಬಳೇ. ಅವಳಿಗೂ ನಾನು ಬಾಯಿ ತೆರೆದರೆ ನಗು ತಡೆಯದು. ಆದರೂ ತರಗತಿಯಲ್ಲಿ, ಯಾವುದನ್ನೂ ಕಲಿಯುವ ಕಾಲಕ್ಕೆ ಕಲಿಯಬೇಕು ಎಂದು ಹುಡುಗರಿಗೆ ಬುದ್ಧಿ ಹೇಳುವುದನ್ನು ನಾನು ಬಿಟ್ಟಿಲ್ಲ. ದನಿಯನ್ನು ಮಾತ್ರ ತುಸು ತಗ್ಗಿಸಿಕೊಂಡಿದ್ದೇನೆ.